ಲೂಕಾಸನಿಗೆ ನಾನು ಕೊಟ್ಟ ಆನೆ

ಮೇಷ್ಟ್ರುಗಳಿಗೆ ವೃತ್ತಿಯಿಂದ ಬರುವ ಕಾಯಿಲೆಗಳಲ್ಲಿ ಗಂಟಲು ನೋವಿಗೂ ಮೊಣಕಾಲು ನೋವಿಗೂ ಮದ್ದಿದೆ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನಲು ನಾಲಿಗೆ ಏಳದಿರುವ ಕಾಯಿಲೆಗೆ ಮಾತ್ರ ಇಲ್ಲ. ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೆ ಅದು ಮೈಗೂಡಿಹೋಗಿದೆ. ತರಗತಿಯಲ್ಲಾದರೆ ‘ಅದು ಮುಂದಿನ ಪಾಠದಲ್ಲಿ ಬರುತ್ತೆ’ ಎಂದು ಜಾರಿಕೊಳ್ಳಬಹುದಿತ್ತು. ಮುಂದಿನ ಪಾಠ ಬರುವಷ್ಟರಲ್ಲಿ ಪರೀಕ್ಷೆಯೇ ಬಂದಿರುತ್ತಿತ್ತು. ನಿವೃತ್ತನಾದ ಮೇಲೆ ಆ ಸೌಲಭ್ಯವೂ ಹೋಯಿತು. ಒಮ್ಮೆ ತರಕಾರಿ ಗಾಡಿಯವನು, ‘ಸಾರ್, ಈ ಬ್ರೊಕೊಲಿನ ಮನೇಲಿ ಏನ್ ಮಾಡ್ತಾರೆ?’ ಎಂದು ಮುಗ್ಧವಾಗಿ ಕೇಳಿದಾಗ, ಅದನ್ನು ಬಾಯಿಗೇ ಇಟ್ಟಿರದ ನಾನು ಹುಳಿ ಮಾಡುವ ಕ್ರಮವನ್ನು ಒಗ್ಗರಣೆಯವರೆಗೂ ವಿವರಿಸಿದ್ದೆ. ಅವನು ಅದನ್ನು ಬೀದಿಯ ಎಲ್ಲ ಮನೆಗೂ ಹೇಳಿದ. ನನ್ನ ಹೆಂಡತಿ ಸರೋಜ ಅವತ್ತಿನಿಂದ ತರಕಾರಿ ಕೊಳ್ಳಲು ನನ್ನನ್ನು ಕಳಿಸುತ್ತಿಲ್ಲ.

ಹೀಗಿರುವಾಗ ಯಡಿಯೂರಿನ ನಮ್ಮ ಮನೆಯ ಮಹಡಿಗೆ ಲೂಕಾಸ್ ಬಾಡಿಗೆಗೆ ಬಂದ. ಜರ್ಮನಿಯ ಹುಡುಗ, ಇಂಜಿನಿಯರು, ಬೊಮ್ಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಇಂಗ್ಲಿಷನ್ನು ವ್ಯಾಕರಣದ ಪುಸ್ತಕ ನುಂಗಿದವನಂತೆ ಮಾತಾಡುತ್ತಿದ್ದ. ಆದರೆ ಆಫೀಸಿನವರು ಒಂದು ನುಡಿಗಟ್ಟು ಬಿಟ್ಟರೆ ಸಾಕು, ತಬ್ಬಿಬ್ಬಾಗುತ್ತಿದ್ದ. ಯಾರೋ ಕೆಲಸ ಸುಲಭ ಎನ್ನಲು ‘ಪೀಸ್ ಆಫ್ ಕೇಕ್’ ಅಂದದ್ದಕ್ಕೆ ಇವನು ಟೀ ಹೊತ್ತಿನವರೆಗೂ ಕೇಕಿಗೆ ಕಾದನಂತೆ. ಓನರು ಇಂಗ್ಲಿಷ್ ಮೇಷ್ಟ್ರು ಎಂದು ತಿಳಿದದ್ದೇ ತಡ, ಪ್ರತಿ ಭಾನುವಾರ ಹತ್ತು ಗಂಟೆಗೆ ನೋಟ್‌ಬುಕ್ ಹಿಡಿದು ಇಳಿದು ಬರತೊಡಗಿದ. ಹತ್ತು ಎಂದರೆ ಹತ್ತೇ. ನಾನು ಸ್ನಾನ ಮುಗಿಸಿ ವಿಭೂತಿ ಇಟ್ಟುಕೊಂಡು ಹೊರಗೆ ಬರುವಷ್ಟರಲ್ಲಿ ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದ.

ಪಾಠ ಎರಡೂ ಕಡೆಯಿಂದ ನಡೆಯುತ್ತಿತ್ತು. ಅವರಲ್ಲಿ ಏನೂ ಅರ್ಥವಾಗದಿದ್ದರೆ ‘ನನಗೆ ಬರೀ ರೈಲ್ವೆ ಸ್ಟೇಷನ್ ಅರ್ಥವಾಯಿತು’ ಅನ್ನುತ್ತಾರಂತೆ. ತನಗೆ ಸಂಬಂಧಿಸದ ವಿಷಯವಾದರೆ ‘ಅದು ನನ್ನ ಬಿಯರ್ ಅಲ್ಲ’ ಅನ್ನುತ್ತಾರಂತೆ. ‘ಇದೊಂದನ್ನ ಇವರಿಗೆ ಕಲಿಸ್ಬೇಡಪ್ಪಾ’ ಎಂದು ಸರೋಜ ಅಡುಗೆಮನೆಯಿಂದ ಕೂಗಿದಳು. ನಮ್ಮಲ್ಲಿ ಜನ ಒಬ್ಬರ ತಲೆ ಒಬ್ಬರು ತಿನ್ನುತ್ತಾರೆ ಎಂದು ನಾನು ಹೇಳಿದಾಗ ಲೂಕಾಸ್ ತನ್ನ ತಲೆ ಮುಟ್ಟಿ ನೋಡಿಕೊಂಡ. ನಿಜ ಹೇಳುತ್ತೇನೆ, ಆ ಭಾನುವಾರಗಳು ನನಗೆ ಬೇಕಾಗಿದ್ದವು. ನಿವೃತ್ತ ಮೇಷ್ಟ್ರನ್ನು ಮನೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ‘ಮೋಟರ್ ಆಫ್ ಮಾಡಿದ್ರಾ?’ ಎಂಬುದನ್ನು ಬಿಟ್ಟರೆ. ಈ ಹುಡುಗ ನನ್ನ ಮಾತನ್ನು ಇಂಕ್ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದ.

ಒಂದು ಭಾನುವಾರ ಅವನ ಮುಖದಲ್ಲಿ ನಗುವಿರಲಿಲ್ಲ. ಇಂಗ್ಲೆಂಡಿನ ಹೆಡ್ಡಾಫೀಸಿನಿಂದ ಡೈರೆಕ್ಟರು ಬುಧವಾರ ಬರುವವರಿದ್ದರು. ಲೂಕಾಸನ ಕರಾರು ಮುಗಿಯುತ್ತ ಬಂದಿತ್ತು. ಇನ್ನೆರಡು ವರ್ಷ ಇಲ್ಲಿರುವುದೋ, ಊರಿಗೆ ಗಂಟುಮೂಟೆ ಕಟ್ಟುವುದೋ ಎಲ್ಲ ಆ ಡೈರೆಕ್ಟರ ಕೈಯಲ್ಲಿತ್ತು. ಅವನಿಗೆ ಇಲ್ಲೇ ಇರುವ ಆಸೆ. ನನಗೂ ಅದೇ ಆಸೆ, ಅವನಿಗಿಂತ ಒಂದು ತೂಕ ಹೆಚ್ಚೇ. ಸ್ವಾಗತ ಭಾಷಣ ಅವನ ಪಾಲಿಗೆ ಬಂದಿತ್ತು. ‘ಸಾರ್, ಒಂದೆರಡು ನುಡಿಗಟ್ಟು ಬಳಸಿದರೆ ಒಳ್ಳೆಯ ಅಭಿಪ್ರಾಯ ಬರಬಹುದು. ಮೊನ್ನೆ ಮೀಟಿಂಗಿನಲ್ಲಿ ಒಬ್ಬರು ‘ಎಲಿಫೆಂಟ್ ಇನ್ ದ ರೂಮ್’ ಅಂದರು. ಅದರ ಅರ್ಥ ಏನು?’ ಎಂದು ಕೇಳಿದ.

ಅದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಕನ್ನಡಕ ತೆಗೆದು ಒರೆಸಿದೆ. ಕಾಫಿ ಬರಲಿ ಎಂದೆ. ಕಾಫಿ ಆಗಲೇ ಬಂದು ಆರಿಹೋಗಿತ್ತು. ಆನೆ ಅಂದರೆ ನಮಗೆ ಮಂಗಳ, ದೊಡ್ಡಸ್ತಿಕೆ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುವುದು ಅದು. ಅಂಥದ್ದು ಕೋಣೆಯೊಳಗೇ ಬಂದು ನಿಂತರೆ ಇನ್ನೇನಿರುತ್ತದೆ? ‘ಚೀಫ್ ಗೆಸ್ಟ್’ ಎಂದೆ. ‘ಸಭೆಗೆ ಕಳೆ ತರುವ ಗಣ್ಯ ವ್ಯಕ್ತಿ.’ ಬಾಯಿಂದ ಹೊರಬಿದ್ದ ಮೇಲೆ ನನಗೇ ನಂಬಿಕೆ ಬಂದುಬಿಟ್ಟಿತು. ಅಷ್ಟಕ್ಕೆ ಸುಮ್ಮನಾಗಿದ್ದರೂ ಆಗುತ್ತಿತ್ತು. ಚೀಫ್ ಗೆಸ್ಟ್ ಅಂದ ಮೇಲೆ ಮೈಸೂರು ಪೇಟ, ಶಾಲು, ಗಂಧದ ಹಾರ ಇಲ್ಲದೆ ನಮ್ಮ ಕಡೆ ಸಭೆ ಶುರುವಾಗುವುದಿಲ್ಲ ಎಂದು ಹೇಳಿ, ಜಯನಗರ ನಾಲ್ಕನೇ ಬ್ಲಾಕಿಗೆ ನಾನೇ ಕರೆದುಕೊಂಡು ಹೋಗಿ ಮೂರನ್ನೂ ಕೊಡಿಸಿದೆ. ಪೇಟದ ಅಳತೆಗೆ ನನ್ನ ತಲೆಯನ್ನೇ ಕೊಟ್ಟೆ.

ಬುಧವಾರ ಸಂಜೆ ಲೂಕಾಸ್ ಗೇಟು ತೆಗೆದಾಗ ನಾನು ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದೆ. ನಡೆದದ್ದನ್ನು ಅವನು ವರದಿ ಓದುವವನಂತೆ ಹೇಳಿದ. ಡೈರೆಕ್ಟರು ಬಾಗಿಲಲ್ಲಿ ಓರೆಯಾಗಿ ಬರಬೇಕಾದಷ್ಟು ದಪ್ಪಗಿದ್ದರಂತೆ. ಇವನು ಅವರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಎರಡೂ ಕೈಯಿಂದ ಅವರನ್ನೇ ತೋರಿಸುತ್ತ, ‘ಎಲ್ಲಕ್ಕಿಂತ ಮೊದಲು ಈ ಎಲಿಫೆಂಟ್ ಇನ್ ದ ರೂಮಿಗೆ ಚಪ್ಪಾಳೆ’ ಎಂದನಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಮುಜುಗರದ ವಿಷಯಕ್ಕೆ ಹಾಗೆನ್ನುತ್ತಾರೆ ಎಂದು ಪಕ್ಕದವರು ಕಿವಿಯಲ್ಲಿ ಹೇಳುವಷ್ಟರಲ್ಲಿ ತಡವಾಗಿತ್ತು. ಇದನ್ನು ಯಾರು ಕಲಿಸಿದರು ಎಂದು ಡೈರೆಕ್ಟರು ಕೇಳಿದರಂತೆ. ‘ನಮ್ಮ ಓನರ್, ಮೂವತ್ತು ವರ್ಷ ಇಂಗ್ಲಿಷ್ ಟೀಚರ್’ ಎಂದು ಇವನು ನಿಂತಲ್ಲೇ ಹೇಳಿದನಂತೆ. ಡೈರೆಕ್ಟರು ಪೇಟ ಮೂಗಿನವರೆಗೆ ಜಾರುವಷ್ಟು ನಕ್ಕರಂತೆ.

ನನ್ನ ಕೈಯಲ್ಲಿದ್ದ ಪೈಪಿನ ನೀರು ಚಪ್ಪಲಿಯ ಮೇಲೇ ಸುರಿಯುತ್ತಿತ್ತು. ‘ಕರಾರು?’ ಎಂದೆ.

‘ಎರಡು ವರ್ಷ ಕೊಟ್ಟರು ಸಾರ್. ಬೇರೆ ಮೇಷ್ಟ್ರನ್ನು ಹುಡುಕಿಕೋ ಅಂತಲೂ ಅಂದರು.’ ಆಮೇಲೆ ಆ ಪುಣ್ಯಾತ್ಮ ತಾನೇ ಒಂದು ದಾರಿ ತೋರಿಸಿದ. ‘ಬಹುಶಃ ಇಂಡಿಯಾದ ಇಂಗ್ಲಿಷಿನಲ್ಲಿ ಅದಕ್ಕೆ ಚೀಫ್ ಗೆಸ್ಟ್ ಅಂತಲೇ ಅರ್ಥ ಇರಬೇಕು, ಅಲ್ಲವೇ?’

‘ಹೌದು’ ಎಂಬುದು ತುಟಿಯವರೆಗೆ ಬಂದಿತ್ತು. ಸರೋಜ ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ಆದರೆ ನನ್ನನ್ನು ತಡೆದದ್ದು ಅವಳಲ್ಲ, ಈ ಹುಡುಗನ ಮುಖ. ಅವನು ಅದನ್ನೂ ಇಂಕಿನಲ್ಲಿ ಬರೆದುಕೊಳ್ಳಲು ಸಿದ್ಧನಾಗಿದ್ದ. ನನಗೆ ನಾಚಿಕೆಯಾಯಿತು. ‘ಇಲ್ಲಪ್ಪ, ನನಗೆ ಗೊತ್ತಿರಲಿಲ್ಲ. ಸುಮ್ಮನೆ ಹೇಳಿಬಿಟ್ಟೆ’ ಎಂದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಆಡದ ಮಾತು. ಲೂಕಾಸ್ ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಮಹಡಿ ಹತ್ತಿ ಹೋದ. ಸರೋಜ ಒಣಗಿದ ಚಪ್ಪಲಿ ತಂದುಕೊಟ್ಟಳು.

ಮುಂದಿನ ಭಾನುವಾರವೂ ಅವನು ಹತ್ತಕ್ಕೇ ಬಂದ. ನನಗೆ ನಮಸ್ಕಾರ ಮಾಡಿ ನೇರ ಅಡುಗೆಮನೆಗೆ ಹೋದ. ಸರೋಜಳ ಪದ್ಧತಿಯೇ ಬೇರೆ: ಅವಳು ಹುರುಳಿಕಾಯಿ ಬಿಡಿಸುತ್ತ, ‘ನಂಗೊತ್ತಿಲ್ಲಪ್ಪ, ಫೋನಲ್ಲಿ ನೋಡು’ ಅನ್ನುತ್ತಾಳೆ, ಅವನು ನೋಡಿ ಓದುತ್ತಾನೆ, ಇಬ್ಬರೂ ನಗುತ್ತಾರೆ. ನಾನು ಹಾಲಿನಲ್ಲಿ ಪೇಪರನ್ನು ಅಡ್ಡ ಹಿಡಿದುಕೊಂಡು ಕಿವಿಯನ್ನೆಲ್ಲ ಅತ್ತ ಬಿಟ್ಟಿದ್ದೆ. ‘ಆಂಟಿ, ‘ಈಟ್ ಹಂಬಲ್ ಪೈ’ ಅಂದರೆ?’ ಎಂದು ಲೂಕಾಸ್ ಕೇಳಿದ. ಹತ್ತನೇ ತರಗತಿಗೆ ವರ್ಷ ವರ್ಷವೂ ಹೇಳಿಕೊಟ್ಟದ್ದು! ತಡೆಯಲಾರದೆ, ‘ತಪ್ಪು ಒಪ್ಪಿಕೊಂಡು ತಲೆ ತಗ್ಗಿಸೋದು ಕಣಪ್ಪಾ’ ಎಂದು ಕೂತಲ್ಲಿಂದಲೇ ಕೂಗಿದೆ.

ಅಡುಗೆಮನೆಯಿಂದ ಸರೋಜಳ ದನಿ ಕೇಳಿಸಿತು: ‘ಯಾವುದಕ್ಕೂ ಒಂದ್ಸಲ ಫೋನಲ್ಲಿ ನೋಡ್ಬಿಡು, ಲೂಕಾಸ್.’