ನಲ್ಲಿ ನೀರಿನ ಜಾಲತಾಣಕ್ಕೆ ಫ್ರೇಮ್‌ವರ್ಕ್ ಆರಿಸುವ ಬಗ್ಗೆ

ಸಂಖ್ಯೆ: ನೀ.ವೇ./ಪಿಎಚ್‌ಪಿ/ಚಿಂತಾಮಣಿ/ಪರಿಶೀಲನೆಯಲ್ಲಿ

ವಿಷಯ: ಯಾವ ಬೀದಿಗೆ ಯಾವಾಗ ನೀರು ಬರುವುದೆಂದು ತಿಳಿಸುವ ಜಾಲತಾಣವನ್ನು ಹೊಸದಾಗಿ ಕಟ್ಟಲು ಪಿಎಚ್‌ಪಿ ಭಾಷೆಯ ಸಿದ್ಧ ಚೌಕಟ್ಟುಗಳನ್ನು, ಅಂದರೆ ಫ್ರೇಮ್‌ವರ್ಕ್‌ಗಳನ್ನು, ಹೋಲಿಸುವ ಬಗ್ಗೆ.

ಉಲ್ಲೇಖ: ಶ್ರೀಮತಿ ಅಶ್ವತ್ಥಮ್ಮ ಅವರು ಖಾಲಿ ಬಿಂದಿಗೆ ಸಮೇತ ಕಚೇರಿಗೆ ಬಂದದ್ದು.

೧. ಹಳೆಯ ಜಾಲತಾಣವು ಸರಿಯಾಗಿ ಕೆಲಸ ಮಾಡುತ್ತಿದ್ದು, ಹೊಸದರ ಅಗತ್ಯ ಸಾರ್ವಜನಿಕರಿಗೆ ಮನವರಿಕೆಯಾಗದ ಕಾರಣ ಅದನ್ನು ಮುಚ್ಚಲಾಗಿದೆ.

೨. ಹೋಲಿಕಾ ಸಮಿತಿಯಲ್ಲಿ ಗಣಕ ಸಹಾಯಕಿ ಕು. ಶಿರೀಷಾ ಅವರು, ಬೇಕಾದದ್ದೆಲ್ಲ ಸಿದ್ಧವಾಗಿ ಬರುವ ಲಾರಾವೆಲ್ ಎಂಬ ಫ್ರೇಮ್‌ವರ್ಕೇ ಆಗಬೇಕೆಂದರು. ಸಹೋದ್ಯೋಗಿ ಶ್ರೀ ಮಜರ್ ಅವರು, ಕೋಡ್‌ಇಗ್ನೈಟರ್ ಹಗುರವೆಂದರು. ಹಗುರತನದ ಖಾತ್ರಿಗಾಗಿ ಎರಡನ್ನೂ ಪೆನ್‌ಡ್ರೈವ್‌ಗಳಿಗೆ ತುಂಬಿ ಟೊಮೆಟೊ ಮಂಡಿಯ ತಕ್ಕಡಿಯಲ್ಲಿ ತೂಗಿಸಲಾಗಿದೆ. ಮುಳ್ಳು ಅಲುಗದ ಕಾರಣ ಮರುತೂಕಕ್ಕೆ ಆದೇಶಿಸಲಾಗಿದೆ.

೩. ಸಿಂಫನಿ ಎಂಬ ಇನ್ನೊಂದು ಫ್ರೇಮ್‌ವರ್ಕ್ ಬಗ್ಗೆ ಸಂಗೀತ ಶಾಲೆಯ ಅಭಿಪ್ರಾಯ ಕೋರಲಾಗಿದೆ.

೪. ಹೀಗಿರುವಾಗ ಅಶ್ವತ್ಥಮ್ಮ ಅವರು ಸಭೆಗೆ ನುಗ್ಗಿ, "ಯಪ್ಪಾ, ನಿಮ್ಮ ಲಾರಾವೆಲ್ಲೋ ಗೀರಾವೆಲ್ಲೋ ನಂಗೊತ್ತಿಲ್ಲ. ನಾಳೆ ನಮ್ಮ ಹುಡುಗೀದು ಸೀಮಂತ ಮಡಿಕಂಡಿದೀನಿ, ಊರಿಂದ ನೆಂಟ್ರು ಬರ್ತಾವ್ರೆ. ನೀರು ಯಾವಾಗ ಬಿಡ್ತೀರಾ, ಅಷ್ಟು ಹೇಳ್ರಪ್ಪ" ಎಂದರು. ಹೋಲಿಕೆ ಪ್ರಗತಿಯಲ್ಲಿದೆ ಎಂದು ಅವರಿಗೆ ತಿಳಿಸಲಾಯಿತು. ಅವರು ಅಳುತ್ತಾ ಹೊರಟರು. ಅಳುವಿಗೆ ಪ್ರತ್ಯೇಕ ನಮೂನೆ ಇರುವುದಿಲ್ಲ.

೫. ಶಿರೀಷಾ ಅವರು ಅನುಮತಿ ಪಡೆಯದೆ, ಬೀದಿಗಳಿಗೆ ನೀರು ಬಿಡುವ ನೀರುಗಂಟಿ ನರಸಿಂಹಪ್ಪ ಅವರನ್ನು ಫೋನಿನಲ್ಲಿ ಕೇಳಿಕೊಂಡು ಗೇಟಿನವರೆಗೆ ಓಡಿ, "ಅಮ್ಮಾ, ನಿಂತ್ಕೊಳ್ಳಿ! ಬೆಳಿಗ್ಗೆ ಬೆಳಕು ಹರಿಯೋಷ್ಟ್ರಲ್ಲಿ ಬರ್ತದೆ, ಡ್ರಮ್ಮು ತೊಳೆದಿಟ್ಕೊಳ್ಳಿ" ಎಂದಿರುವುದು ಕಂಡುಬಂದಿದೆ. ಮಜರ್ ಅವರು ತಮ್ಮ ಚಿಕ್ಕಪ್ಪ ಬಾಬಾಜಾನ್ ಅವರ ಆಟೋಗೆ ಮೈಕು ಕಟ್ಟಿ, ಅದೇ ವೇಳೆಯನ್ನು ಕನ್ನಡ, ತೆಲುಗು, ಉರ್ದುವಿನಲ್ಲಿ ಬೀದಿ ಬೀದಿಗೂ ಸಾರಿರುತ್ತಾರೆ. ಪರಿಣಾಮವಾಗಿ ಎಲ್ಲರಿಗೂ ನೀರು ಸಿಕ್ಕಿ, ಸೀಮಂತ ಸಾಂಗವಾಗಿ ನೆರವೇರಿ, ದೂರು ವಿಭಾಗವು ಇಡೀ ದಿನ ಕೆಲಸವಿಲ್ಲದೆ ತೀವ್ರ ಮುಜುಗರ ಅನುಭವಿಸಿದೆ.

೬. ಆದುದರಿಂದ ಸಿಬ್ಬಂದಿಯು ನೀರಿನ ವೇಳೆಯನ್ನು ಬಾಯಿಂದ ಹೇಳತಕ್ಕದ್ದಲ್ಲ. ಸದರಿ ಆಟೋವನ್ನು ನಾಲ್ಕನೆಯ ಫ್ರೇಮ್‌ವರ್ಕ್ ಎಂದು ಪರಿಗಣಿಸಿ, ಅದರ ಆವೃತ್ತಿ ಸಂಖ್ಯೆಯನ್ನು ಚಾಲಕರಿಂದ ಪಡೆಯತಕ್ಕದ್ದು.

೭. ಶಿರೀಷಾ, ಮಜರ್ ಇಬ್ಬರನ್ನೂ ಪ್ರತ್ಯೇಕವಾಗಿ ಕಾರಣ ಕೇಳಲಾಗಿದ್ದು, ಇಬ್ಬರ ಉತ್ತರವೂ ಒಂದೇ ಆಗಿದೆ: "ಯಾರಾದ್ರೂ ಬಂದು ಕೇಳಿದ್ರೆ ಮತ್ತೆ ಹೇಳ್ತೀವಿ ಸಾರ್." ಸಮಿತಿಯಲ್ಲಿ ಒಮ್ಮತ ಮೂಡಿದ ಏಕೈಕ ಸಂದರ್ಭ ಇದಾಗಿರುವುದರಿಂದ, ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸಲು ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

(ಸಹಿ ಇದೆ, ಯಾರದೆಂದು ಪರಿಶೀಲಿಸಲಾಗುತ್ತಿದೆ)
ಪ್ರಭಾರ ಅಧ್ಯಕ್ಷರು, ಫ್ರೇಮ್‌ವರ್ಕ್ ಹೋಲಿಕಾ ಸಮಿತಿ

ಪ್ರತಿಗಳು:
ದೂರು ವಿಭಾಗ: ಧೈರ್ಯ ತುಂಬುವ ಸಲುವಾಗಿ.
ಶ್ರೀ ಬಾಬಾಜಾನ್, ಆಟೋ ಚಾಲಕರು: ಮೈಕಿನ ದನಿ ತಗ್ಗಿಸಲು.
ಶ್ರೀ ನರಸಿಂಹಪ್ಪ, ನೀರುಗಂಟಿ: ಮಾಹಿತಿಗಾಗಿ, ಯಾರಿಗೂ ಹೇಳುವುದಕ್ಕಲ್ಲ.