ಮಾವನ ರೈಲಿನ ಗರಗರ

ನನ್ನ ಸೋದರಮಾವ ದಿನಾ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ರೈಲು ಓಡಿಸುತ್ತಾರೆ. ಗುಂಡ್ಲುಪೇಟೆಗೆ ರೈಲೇ ಇಲ್ಲವಲ್ಲ ಎಂದು ನೀವು ಕೇಳುತ್ತೀರಿ. ನಿಜ, ಇಲ್ಲ. ರೈಲು ಬೇಕಾದವರು ನಾನಿರುವ ಚಾಮರಾಜನಗರಕ್ಕೆ ಬರಬೇಕು. ಆದರೆ ಇದನ್ನು ನನ್ನ ಮಾವನಿಗೆ ಹೇಳಿ ನೋಡಿ! ಅವರ ರೈಲು ತೆರಕಣಾಂಬಿಯಿಂದ ಹೊರಟು ಉಮ್ಮತ್ತೂರು ಮುಟ್ಟಿ ಎರಡೇ ನಿಮಿಷದಲ್ಲಿ ವಾಪಸ್ಸು ಬರುತ್ತದೆ. ಎಂಜಿನ್ನು ಅಂಗೈಯಗಲ, ಮಾರ್ಗ ಒಂದು ಹಲಗೆಯಗಲ, ಊರುಗಳು ಹೆಸರು ಅಂಟಿಸಿದ ಎರಡು ಬೆಂಕಿಪೊಟ್ಟಣ.

ಮಾವ ಮೂವತ್ತೈದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ದೇವಸ್ಥಾನಕ್ಕೆ ಹೋಗುತ್ತಾರೆ, ಇಲ್ಲವೇ ಹೋಟೆಲಿನಲ್ಲಿ ಪೇಪರು ಓದುತ್ತಾರೆ. ಇವರು ಮೈಸೂರಿಗೆ ಹೋಗಿ ಆಟದ ರೈಲು ತಂದರು! ಬಸ್ಸಿನ ಡ್ರೈವರಿಗೆ ರೈಲಿನ ಹುಚ್ಚು ಹೇಗೆ ಹಿಡಿಯಿತು? ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದಿಷ್ಟೆ, ರೈಲು ತಂದರೂ ಬಸ್ಸಿನ ಬುದ್ಧಿ ಬಿಡಲಿಲ್ಲ. ಪ್ರತಿ ಬೆಂಕಿಪೊಟ್ಟಣದ ಮುಂದೆ ರೈಲು ನಿಲ್ಲಿಸಿ, ಸುಮ್ಮನೆ ಕೂತಿರುತ್ತಾರೆ.

“ಹೊರಡಿಸಿ ಮಾವ.”

“ತಡಿಯಲಾ, ಇನ್ನೂ ಜನ ಹತ್ಬೇಕು.”

ಆ ಎಂಜಿನ್ನಿಗೆ ಇದ್ದದ್ದು ಒಂದೇ ರೋಗ, ಸದ್ದು. ಒಣಮೆಣಸಿನಕಾಯಿಯನ್ನು ಮಿಕ್ಸಿಗೆ ಹಾಕಿದಂತೆ ಗರಗರ ಅನ್ನುತ್ತಿತ್ತು. ಒಂದು ದಿನ ನಮ್ಮತ್ತೆ ಸಾರಿಗೆ ಒಗ್ಗರಣೆ ಹಾಕುತ್ತಾ, “ಅದೇನ್ ಸದ್ದೋ, ತಲೆ ಚಿಟ್ಟಿಡೀತದೆ” ಅಂದುಬಿಟ್ಟರು. ಒಗ್ಗರಣೆ ಸಿಡಿಯುವಾಗ ಅಂದ ಮಾತು ಒಗ್ಗರಣೆಯ ಜೊತೆಗೇ ಆರಿಹೋಗಬೇಕು, ಅಲ್ಲವೇ? ಆರಲಿಲ್ಲ! ಮುಂದಿನ ಭಾನುವಾರ ನಾನು ಹೋದಾಗ ಮಾವ ಎಂಜಿನ್ನನ್ನು ಬಿಚ್ಚಿ, ಪೇಪರಿನ ಮೇಲೆ ಹರವಿಕೊಂಡು ಕೂತಿದ್ದರು.

ನನಗೆ ತಲೆಬುಡ ತಿಳಿಯಲಿಲ್ಲ. ಯಾಕೆಂದರೆ ಮಾವನ ಮನೆ ಇರುವುದು ಹೆದ್ದಾರಿಯ ಪಕ್ಕದಲ್ಲೇ. ಈರುಳ್ಳಿ, ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳು ಹಾರ್ನು ಹೊಡೆದರೆ ಅತ್ತೆಯ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗಳು ತಾವೇ ಮಾತಾಡಿಕೊಳ್ಳುತ್ತವೆ. ಅಂಥ ಮನೆಯಲ್ಲಿ ಅಂಗೈಯಗಲದ ಎಂಜಿನ್ನಿನ ಸದ್ದು ಯಾವ ಲೆಕ್ಕ?

“ಲಾರಿ ಸದ್ದು ನಂದಲ್ಲ ಕಣ್ಲಾ. ಇದು ನಂದು,” ಅಂದರು ಮಾವ. ಆಮೇಲೆ ದನಿ ತಗ್ಗಿಸಿ, “ಮೂವತ್ತೈದು ವರ್ಸ ಬಸ್ಸಿನ ಸದ್ದ ತಲೇಲಿ ತುಂಬ್ಕಂಡು ಬಂದು ಅವಳ ಮೇಲೆ ಕೂಗಾಡಿವ್ನಿ. ಒಂದಿನ ಎದುರು ಮಾತಾಡ್ನಿಲ್ಲ ಅವ್ಳು. ಈಗ ಬಾಯ್ಬುಟ್ಟು ಕೇಳವ್ಳೆ, ಸದ್ದು ಬ್ಯಾಡ ಅಂತ. ಅದೊಂದ ಕೊಡಕಾಗ್ನಿಲ್ಲ ಅಂದ್ರೆ ನಾನ್ಯಾತರ ಗಂಡ್ಸು?” ಅಂದರು.

ಸರಿ, ಚಿಕಿತ್ಸೆ ಶುರುವಾಯಿತು. ಬಸ್ಸಿನ ರೋಗ ಹಿಡಿಯಲು ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಾರಂತೆ. ಮಾವನೂ ಹಾಗೇ ಕೇಳಿದರು. ಇಲ್ಲಿ ಸ್ಕ್ರೂಡ್ರೈವರೇ ಎಂಜಿನ್ನಿಗಿಂತ ದೊಡ್ಡದು! “ಗೇರು ಒಣಗೋಗದೆ” ಎಂದು ತೀರ್ಪು ಕೊಟ್ಟು, ಬಸ್ಸಿಗೆ ಹಾಕುವ ಗ್ರೀಸನ್ನು ತಂದು ಬೆಣ್ಣೆಯಂತೆ ಮೆತ್ತಿದರು. ಸ್ವಿಚ್ ಹಾಕಿ, “ಕೇಳ್ಲಾ, ಸದ್ದದಾ?” ಅಂದರು.

ನಾನು ಕಿವಿಗೊಟ್ಟು ಕೇಳಿದೆ. “ಇಲ್ಲ ಮಾವ. ಆದರೆ ರೈಲೂ ಓಡ್ತಿಲ್ವಲ್ಲ?”

“ಒಂದೊಂದಾಗಿ ಮಾಡನ ಬುಡ್ಲಾ.”

ಗ್ರೀಸು ತೆಗೆದು ಕೊಬ್ಬರಿ ಎಣ್ಣೆ ಬಿಟ್ಟರು. ಮಳೆಗಾಲದ ಚಳಿಗೆ ಅದು ಗಟ್ಟಿಯಾಗಿ, ರೈಲು ಬಿಸಿಲು ಏರುವ ತನಕ ಏಳುತ್ತಲೇ ಇರಲಿಲ್ಲ. ಆಮೇಲೆ ಒಂದು ಭಾನುವಾರ ಅತ್ತೆ ಬಚ್ಚಲಲ್ಲಿ ಉಪ್ಪಿನಿಂದ ಹಲ್ಲುಜ್ಜುತ್ತಿದ್ದರು. ಕೇಳಿದರೆ, “ನಿಮ್ಮಾವ ಪೇಸ್ಟ್‌ನೆಲ್ಲ ರೈಲಿಗಾಕವ್ರೆ ಕಣಪ್ಪ” ಅಂದರು. ಒಳಗೆ ಹೋದರೆ ಕೋಣೆಯೆಲ್ಲ ಪುದೀನದ ವಾಸನೆ! ಗೇರಿಗೆ ಟೂತ್‌ಪೇಸ್ಟು ಸವರಿ ಗಂಟೆಗಟ್ಟಲೆ ತಿರುಗಿಸಿದರೆ ಹಲ್ಲು ಸವೆದು ನುಣ್ಣಗಾಗುತ್ತದೆ ಎಂದು ಯಾವುದೋ ವೀಡಿಯೊದಲ್ಲಿ ನೋಡಿದ್ದರಂತೆ. ನಾನು ಬಿದ್ದು ಬಿದ್ದು ನಕ್ಕೆ. ಮಾವ ಪೇಸ್ಟನ್ನು ತೊಳೆದು, ಹೊಲಿಗೆ ಮಿಷನ್ನಿನ ಎಣ್ಣೆ ಒಂದೊಂದೇ ತೊಟ್ಟು ಬಿಟ್ಟು ಓಡಿಸಿದರು. ಅರ್ಧ ಸದ್ದು ಹೋಗಿತ್ತು! ನನ್ನ ನಗುವೂ ಹೋಯಿತು.

ಉಳಿದರ್ಧ ಎಷ್ಟಿರಬೇಕು ಎಂದು ತಿಳಿಯಲು ಅವರು ಚಾಮರಾಜನಗರಕ್ಕೇ ಬಂದರು, ನಿಜವಾದ ರೈಲಿನ ಸದ್ದು ಕೇಳಲು. ಸ್ಟೇಷನ್ನಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ಸಿಬ್ಬಂದಿಯೊಬ್ಬರು ಬಂದು, “ಎಲ್ಲಿಗೆ ಯಜಮಾನ್ರೇ?” ಅಂದರು.

“ಎಲ್ಲಿಗೂ ಇಲ್ಲ. ಕೇಳಕ್ಕೆ ಬಂದಿವ್ನಿ.”

“ಏನ್ ಕೇಳ್ಬೇಕು? ಎನ್‌ಕ್ವೈರಿ ಅಲ್ಲಿದೆ.”

“ಎನ್‌ಕ್ವೈರಿಯವರು ಸದ್ದು ಮಾಡ್ತಾರಾ?”

ನಾನು ಆ ಸಿಬ್ಬಂದಿಯನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ರೈಲು ಮೆಲ್ಲಗೆ ಜಾರಿಕೊಂಡು ಬಂದು ನಿಂತಿತು. ಮಾವ ಕಣ್ಣು ಬಿಟ್ಟು, “ಇಷ್ಟು ದಪ್ಪದ್ದು ಇಷ್ಟು ನಯವಾಗಿ ಬತ್ತದೆ. ನಂದಕ್ಕೇನ್ ಬಂದದ್ಲಾ ರೋಗ!” ಎಂದು ಹೊಟ್ಟೆ ಉರಿದುಕೊಂಡರು.

ದೀಪಾವಳಿಯ ಹೊತ್ತಿಗೆ ಮಾವ ರಕ್ತದಲ್ಲಿ ಸಕ್ಕರೆ ಇಳಿದು ಕುಸಿದುಬಿದ್ದು, ಆಸ್ಪತ್ರೆ ಸೇರಿ, ವಾರಗಟ್ಟಲೆ ಹಾಸಿಗೆ ಹಿಡಿದರು. ಎದ್ದು ಕೂತವರೇ ಕೇಳಿದ್ದು ಸ್ಕ್ರೂಡ್ರೈವರು! ಮಲಗಿದ್ದಾಗ ಅವರಿಗೆ ಜ್ಞಾನೋದಯವಾಗಿತ್ತು. ಉಳಿದ ಸದ್ದು ಎಂಜಿನ್ನಿನದಲ್ಲ, ಹಲಗೆಯದು. ಹಲಗೆ ಕೂತಿದ್ದದ್ದು ಹಳೇ ಕಬ್ಬಿಣದ ಮಂಚದ ಮೇಲೆ. ರೈಲು ಓಡಿದರೆ ಮಂಚವೆಲ್ಲ ತಮಟೆ. ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಲಗೆಯಡಿಗೆ ಇಟ್ಟೆವು. ಸದ್ದು ಇದ್ದಕ್ಕಿದ್ದಂತೆ ಪಿಸುಮಾತಿನಷ್ಟಾಯಿತು. ಮಾವ ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು.

ಮುಂದಿನ ಭಾನುವಾರ ಹೋದರೆ ಮತ್ತೆ ಗರಗರ! ಟ್ಯೂಬಿನ ಪಟ್ಟಿಗಳು ಹಲಗೆಯಡಿ ಇರಲಿಲ್ಲ. ಕಿಟಕಿಯ ಮೇಲೆ ಒಂದರ ಮೇಲೊಂದು ಒಪ್ಪವಾಗಿ ಕೂತಿದ್ದವು.

“ಇಲಿ,” ಅಂದರು ಮಾವ.

“ಇಲಿ ಜೋಡಿಸಿ ಇಡ್ತದಾ ಮಾವ?”

“ಅಂಗಾರೆ ಲಾರಿ ಅದುರಿಗೆ ಬಂದವೆ.”

ಲಾರಿಯ ಅದುರಿಗೆ ಕೆಳಗೆ ಬೀಳಬಹುದು. ಕಿಟಕಿ ಹತ್ತಿ ಕೂರುತ್ತವೆಯೇ? ಅತ್ತೆಯನ್ನು ಕೇಳಿದೆ. “ನಂಗೇನ್ ಗೊತ್ತಪ್ಪ, ಕಸ ಗುಡಿಸ್ತೀನಿ ಅಷ್ಟೆಯ” ಎಂದು ಒಲೆಯ ಕಡೆ ತಿರುಗಿದರು. ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಅತ್ತೆಯ ಮೇಲೆ ಅನುಮಾನ ಬರದೆ ಇರಲಿಲ್ಲ. ಆದರೆ ಸದ್ದು ಬೇಡ ಅಂದವರೇ ಅವರಲ್ಲವೇ? ಬೇಡ ಅಂದವರೇ ಯಾಕೆ ವಾಪಸ್ಸು ತರುತ್ತಾರೆ? ಹೀಗೇ ಮೂರು ಭಾನುವಾರ ನಾವು ಪಟ್ಟಿ ಇಟ್ಟೆವು, ಮೂರು ಸಲವೂ ಅವು ಕಿಟಕಿ ಹತ್ತಿದವು.

ನಾಲ್ಕನೆಯ ಭಾನುವಾರ ಮಾವ ಪಂಚರ್ ಹಾಕುವ ಸೊಲ್ಯೂಷನ್ ತರಿಸಿ ಪಟ್ಟಿಗಳನ್ನು ಹಲಗೆಗೂ ಮಂಚಕ್ಕೂ ಅಂಟಿಸಿಬಿಟ್ಟರು. “ಈಗ ಕೀಳಲಿ ನೋಡನ, ಆ ಇಲಿ!” ಅದು ಒಣಗುವ ತನಕ ನಾವಿಬ್ಬರೂ ಮಂಚ ಕಾದೆವು. ಅತ್ತೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದರು.

ಮಾವ ಗುಂಡಿ ತಿರುಗಿಸಿದರು. ರೈಲು ಹೊರಟಿತು. ಸದ್ದಿಲ್ಲ! ಹೆದ್ದಾರಿಯಲ್ಲಿ ಆ ಹೊತ್ತಿಗೆ ಲಾರಿಯೂ ಇರಲಿಲ್ಲ. ರೈಲು ತೆರಕಣಾಂಬಿ ಬಿಟ್ಟು ಉಮ್ಮತ್ತೂರಿನಲ್ಲಿ ನಿಂತಿತು, ಜನ ಹತ್ತಿದರು, ಮತ್ತೆ ಹೊರಟಿತು. ನಾವು ನೋಡುತ್ತಲೇ ಇದ್ದೆವು. ಮಾವನ ಕಣ್ಣಲ್ಲಿ ನೀರಾಡಿತು. ಎಂಟು ತಿಂಗಳ ಕೆಲಸ ಅದು.

ಆಗ ಬಾಗಿಲು ದಡಾರನೆ ತೆರೆಯಿತು. ಅತ್ತೆ! ಕೈಯಲ್ಲಿ ಮುದ್ದೆ ತಿರುವುವ ಕೋಲು, ಮೊಳಕೈತನಕ ಹಿಟ್ಟು, ಮುಖ ಬಿಳಚಿಕೊಂಡಿತ್ತು. ಮಾವನ ಕಡೆ ನೋಡಲು ಧೈರ್ಯವಿಲ್ಲದೆ ನನ್ನ ಮುಖ ನೋಡಿ, “ಏನಾಯ್ತಪ್ಪ? ಏನಾಯ್ತು ಇವ್ರಿಗೆ?” ಅಂದರು.

“ಏನಾಗದಮ್ಮಿ? ನೋಡಿಲ್ಲಿ, ಸದ್ದೇ ಇಲ್ಲ! ನೀನು ಕೇಳ್ದಂಗೇ ಮಾಡ್ಬುಟ್ಟೆ!” ಅಂದರು ಮಾವ.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ಅಳಲು ಶುರುಮಾಡಿದರು. “ಯಾರ್ ಕೇಳಿದ್ರು ನಿಮ್ಮ? ಒಂದಿನ ತಲೆನೋವಲ್ಲಿ ಏನೋ ಅಂದ್ರೆ ಅದ್ನೇ ಹಿಡ್ಕಂಡು ಕೂತವ್ರೆ! ದೀಪಾವಳೀಲಿ ಇದೇ ರೂಮಲ್ಲಿ ಬಿದ್ದಿದ್ರಲ್ಲ, ನಾನೆಂಗ್ ಬಂದೆ ಅಂತ ಒಂದಿನಾನಾದ್ರೂ ಕೇಳಿದ್ರಾ? ಅವತ್ತೂ ಒಲೆ ಮುಂದೆ ಕೂತ್ಕಂಡು ಕಿವಿ ಇಲ್ಲೇ ಇಟ್ಟಿದ್ದೆ. ರೈಲು ನಿಂತ್ಕತು. ಜನ ಹತ್ತೋ ಹೊತ್ತೂ ಆಯ್ತು. ಮತ್ತೆ ಹೊರಡ್ನೇ ಇಲ್ಲ. ಅದುಕ್ಕೇ ಓಡ್ಬಂದೆ. ಆ ಸದ್ದೂ ಇಲ್ದಿದ್ರೆ ನೀವು ಇರ್ತಿದ್ರಾ?”

“ಅಂಗಾದ್ರೆ ಟ್ಯೂಬು...”

“ನಾನೇ ಕಿತ್ತಿಟ್ಟೆ. ಹೇಳಿದ್ರೆ, ಇವ್ಳು ಕಾವಲು ಕಾಯ್ತಾಳೆ ಅಂತ ನೀವು ರೈಲು ಓಡ್ಸೋದೇ ಬುಟ್ಬುಡ್ತಿದ್ರಿ.”

ಆ ದಿನ ಆಸ್ಪತ್ರೆಗೆ ಸೇರಿಸಿದವನು ನಾನು. ಸಮಯಕ್ಕೆ ತಂದಿರಿ ಎಂದು ಡಾಕ್ಟರು ಹೇಳಿದ್ದು ನೆನಪಿದೆ. ಯಾವ ಸಮಯ, ಯಾರು ಕಂಡುಹಿಡಿದದ್ದು ಎಂದು ನಾನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಮಾವ ರೈಲು ನಿಲ್ಲಿಸಿ, ಸ್ಕ್ರೂಡ್ರೈವರು ತೆಗೆದುಕೊಂಡು ಮಂಚದ ಪಕ್ಕ ಬಗ್ಗಿದರು. ಸೊಲ್ಯೂಷನ್ ಚೆನ್ನಾಗಿಯೇ ಹಿಡಿದಿತ್ತು. ನಾನು ಹಲಗೆ ಎತ್ತಿ ಹಿಡಿದೆ, ಅವರು ಏದುಸಿರು ಬಿಡುತ್ತಾ ಒಂದೊಂದೇ ಪಟ್ಟಿ ಎಬ್ಬಿಸಿದರು. ಎರಡು ಪಟ್ಟಿ ಕಿತ್ತು, “ನೀ ಅಡುಗೆಮನೆಗೋಗು. ಅಲ್ಲಿಂದ ಹೇಳು,” ಅಂದರು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದರು. ಮಾವ ಗುಂಡಿ ತಿರುಗಿಸಿದರು. “ಈಗ?”

“ಇಲ್ಲ.”

ಇನ್ನೆರಡು ಪಟ್ಟಿ ಕಿತ್ತರು. “ಈಗಮ್ಮಿ?”

“ಒಸಿ ಒಸಿ.”

ಕೊನೆಯ ಪಟ್ಟಿಯೂ ಬಂತು. ಮಂಚ ಮೊದಲಿನಂತೆ ಗರಗರ ಅಂದಿತು. ಅಷ್ಟರಲ್ಲಿ ಹೊರಗೆ ಲಾರಿಯೊಂದು ಹಾರ್ನು ಹೊಡೆದುಕೊಂಡು ಹೋಯಿತು. ಅದು ದಾಟುವ ತನಕ ಮಾವ ಕಾದು, ಕೂಗಿದರು:

“ಈಗ ಕೇಳ್ತದೇನಮ್ಮಿ?”

“ಹ್ಞೂ, ಕೇಳ್ತದೆ. ಅಂಗೇ ಬುಡಿ.”