ಅಗಿದು ಉಂಡ ಮುದ್ದೆ

ಹೊಟ್ಟೆ ಕೊಯ್ಯಿಸಿಕೊಂಡವನು ನಗಬಾರದು. ನಕ್ಕರೆ ಹೊಲಿಗೆ ಎಳೆಯುತ್ತದೆ. ಇದನ್ನು ಡಾಕ್ಟರು ಹೇಳಿದ್ದಲ್ಲ, ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ನನಗೆ ತಾನಾಗಿ ತಿಳಿಯಿತು. ಆದರೆ ನಗಬಾರದವನ ಮನೆಯಲ್ಲೇ ನಗುವಂಥದ್ದೆಲ್ಲ ಸಾಲುಗಟ್ಟಿ ನಡೆಯುತ್ತದೆ, ಅದೇನು ವಿಧಿಯೋ. ಇಲ್ಲಿ ಹೇಳುವುದನ್ನೆಲ್ಲ ನಾನು ಹೊಟ್ಟೆಗೆ ದಿಂಬು ಒತ್ತಿಕೊಂಡು, ಮುಖ ಬಿಗಿಹಿಡಿದು ನೋಡಿದ್ದೇನೆ.

ನಾನು ಬಸ್ ಕಂಡಕ್ಟರ್. ಮಾಗಡಿಯಿಂದ ರಾಮನಗರಕ್ಕೆ ಹೋಗಿ ಬರುವ ಬಸ್ಸು ನನ್ನದು. ನಮ್ಮೂರಿಗೆ ರೈಲಿಲ್ಲ, ಬಸ್ಸೇ ಗತಿ. ಹಾಗಾಗಿ ಬಸ್ಸು ಸದಾ ತುಂಬಿರುತ್ತದೆ, ನಾನು ಹತ್ತಿದ ಮೇಲೆ ಇನ್ನೂ ತುಂಬುತ್ತಿತ್ತು. ಸೀಟುಗಳ ನಡುವೆ ನಾನು ತೂರುತ್ತಿರಲಿಲ್ಲ. ಜನ ದುಡ್ಡನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಟಿಕೆಟ್ಟು ಅದೇ ದಾರಿಯಲ್ಲಿ ವಾಪಸ್ ಹೋಗುತ್ತಿತ್ತು. “ಅಣ್ಣ, ನೀವು ಹಿಂದಿಂದ ಮುಂದಕ್ಕೆ ಬರಾದ್ರೊಳಗೆ ನಾನು ರಾಮನಗರಕ್ಕೆ ಹೋಗಿ ಬಂದ್ಬುಟ್ಟಿರ್ತೀನಿ” ಅನ್ನುತ್ತಿದ್ದ ನಮ್ಮ ಡ್ರೈವರು.

ತಮಾಷೆ ಅಲ್ಲಿಗೇ ನಿಂತಿದ್ದರೆ ನಾನೂ ಹಾಗೇ ಇರುತ್ತಿದ್ದೆ. ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ಕೊನೆಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರತೊಡಗಿತು. ಹೆಂಡತಿ ಹೆದರಿ ಅತ್ತಳು. ಬೆಂಗಳೂರಿನ ಡಾಕ್ಟರು ತೂಕ ಇಳಿಯಲಿ ಅಂತ ಹೊಟ್ಟೆಯ ದೊಡ್ಡ ಭಾಗ ತೆಗೆದು, ಒಂದು ಬಾಳೆಕಾಯಿಯಷ್ಟು ಮಾತ್ರ ಉಳಿಸಿದರು. ಮೊದಲು ನೀರಾಗಿರುವುದು, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿರುವುದು, ಎಲ್ಲಕ್ಕಿಂತ ಕೊನೆಗೆ ಎಲ್ಲರೂ ಉಣ್ಣುವಂಥ ಊಟ. ಅವಸರ ಮಾಡಿದರೆ ಒಳಗಿನ ಹೊಲಿಗೆ ಬಿಟ್ಟು ಜೀವಕ್ಕೇ ಕುತ್ತು ಬರುತ್ತದೆ ಅಂದರು. ನಾನು ಆಯಿತು ಅಂದೆ. ಮನೆಯಲ್ಲಿ ಅವ್ವ ಇದ್ದಾಳೆ ಅನ್ನುವುದನ್ನು ಡಾಕ್ಟರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ.

ಹರಕೆ

ನಮ್ಮವ್ವ ಕಡ್ಡಿಯಂಥ ಹೆಂಗಸು. ಎಪ್ಪತ್ತು ದಾಟಿದೆ, ಬಾಯಲ್ಲಿ ಒಂದು ಹಲ್ಲಿಲ್ಲ. ಆದರೆ ಬುದ್ಧಿ ಬಂದಾಗಿನಿಂದ ಒಂದು ಹೊತ್ತೂ ಮುದ್ದೆ ತಪ್ಪಿಸಿದವಳಲ್ಲ.

ಹೆಂಡತಿ ಔಷಧಿ ಅಳೆಯುವ ಪುಟ್ಟ ಲೋಟದಲ್ಲಿ ಬೇಳೆಯ ಕಟ್ಟು ಸೋಸಿ ಕೊಟ್ಟಳು. ನಾನು ಗುಟುಕು ಗುಟುಕಾಗಿ ಕುಡಿಯುವುದನ್ನು ಅವ್ವ ಎದುರಿಗೆ ಕೂತು ನೋಡಿದಳು.

“ಇಷ್ಟೇಯಾ?”

“ಇಷ್ಟೇ ಕಣವ್ವ. ಇದ್ಕಿಂತ ಹಿಡಿಯಲ್ಲ.”

ಅವ್ವ ಖಾಲಿ ಲೋಟವನ್ನು ಬೋರಲು ಹಾಕಿ ನೋಡಿದಳು. “ಉಪಾಸ ಬೀಳಕ್ಕೆ ಬೆಂಗ್ಳೂರ್ಗಂಟ ಯಾಕ್ ಹೋದೆ ಮಗ? ನಂಗೊಂದ್ ಮಾತು ಹೇಳಿದ್ರೆ, ನಾನೇ ಹಿಟ್ಟಿಕ್ದೆ ಸುಮ್ಕಿರ್ತಿದ್ನಲ್ಲ?”

ಇದು ನಗುವ ಮಾತು. ಇದರ ಬೆನ್ನಿಗೇ ಬಂದದ್ದು ಮಾತ್ರ ನಗುವಂಥದ್ದಲ್ಲ. ಅವ್ವ ಎದ್ದು ಕಬ್ಬಾಳಮ್ಮನ ಪಟಕ್ಕೆ ದೀಪ ಹಚ್ಚಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು: “ತಾಯೀ, ನನ್ ಮಗ ಮುದ್ದೆ ಉಣ್ಣೋಗಂಟ ನಾನು ಮುದ್ದೆ ಮುಟ್ಟಕಿಲ್ಲ. ಅವನ ಹೊಟ್ಟೆ ನೆಟ್ಟಗ್ ಮಾಡು.”

ಮುದ್ದೆಗೆ ಇನ್ನೂ ಎಷ್ಟೋ ವಾರ ಇದೆ ಅಂತ ನಾನು ಬೇಡಿಕೊಂಡೆ. ಮಾತು ಕೊಟ್ಟಾಯಿತು ಅಂದಳು. ಅನ್ನವನ್ನಾದರೂ ಉಣ್ಣಿ ಅತ್ತೆ ಅಂತ ಹೆಂಡತಿ ಬಡಿಸಿದರೆ, ಅನ್ನ ಉಂಡರೆ ಕೈ ತೊಳೆಯುವುದರೊಳಗೆ ಹಸಿವಾಗುತ್ತದೆ ಅಂತ ತಟ್ಟೆ ಸರಿಸಿದಳು. ನಾನು ಕುಡಿದದ್ದನ್ನೇ ತಾನೂ ಕುಡಿಯತೊಡಗಿದಳು. ಕರಗಬೇಕಾದವನು ನಾನು, ಕರಗತೊಡಗಿದವಳು ಅವ್ವ. ಬೇಗ ಉಂಡರೆ ನನ್ನ ಹೊಲಿಗೆ ಬಿಡುತ್ತದೆ, ತಡಮಾಡಿದರೆ ಅವ್ವ ಹಾಸಿಗೆ ಹಿಡಿಯುತ್ತಾಳೆ. ನನಗೆ ಆಪರೇಷನ್ನಿಗೆ ಆಗದ ಭಯ ಈಗ ಆಯಿತು.

ರೋಗಿ ಯಾರು

ಸುದ್ದಿ ತಿಳಿದು ನೋಡಲು ಜನ ಬರತೊಡಗಿದರು. ಅವ್ವನಿಗೆ ಸುಸ್ತು, ಅವಳು ಮಂಚದ ಮೇಲೆ ಮಲಗಿರುತ್ತಿದ್ದಳು. ನನ್ನನ್ನು ನಡೆದಾಡಲು ಹೇಳಿದ್ದರು, ನಾನು ಓಡಾಡಿಕೊಂಡಿರುತ್ತಿದ್ದೆ. ತೂಕ ಇಳಿಯಲು ಶುರುವಾಗಿದ್ದರೂ ಅದು ಕಾಣುವಷ್ಟಾಗಿರಲಿಲ್ಲ. ಕೆರೆಯಿಂದ ಒಂದು ಕೊಡ ತೆಗೆದರೆ ಯಾರಿಗೆ ಗೊತ್ತಾಗುತ್ತದೆ?

ಕಲ್ಯದಿಂದ ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ಎಳನೀರಿನ ಗೊನೆ ಹೊತ್ತು ಬಂದ. ನಮ್ಮ ಮನೆಯಲ್ಲಿ ಆಪರೇಷನ್ ಆಗಿದೆ ಅಂತಷ್ಟೇ ಅವನಿಗೆ ಗೊತ್ತು. ನೇರ ಮಂಚದ ಹತ್ತಿರ ಹೋಗಿ ಅವ್ವನ ಕೈ ಹಿಡಿದು ಕಣ್ಣೀರಿಟ್ಟ.

“ಧೈರ್ಯವಾಗಿರಕ್ಕಯ್ಯ. ಈಗೆಲ್ಲಾ ಆಪ್ರೇಸನ್ನು ಚೆನ್ನಾಗ್ ಮಾಡ್ತಾರೆ. ಹೊಟ್ಟೇನೇ ಕಾಣ್ದಂಗ್ ತೆಗೆದವ್ರಲ್ಲ!”

ಅವ್ವ ಮಾತಾಡಲಾರದೆ ನನ್ನ ಕಡೆ ಕೈ ತೋರಿಸಿದಳು. ಮಾವ ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಅವನಿಗೆ ಎಲ್ಲ ಅರ್ಥವಾದಂತಾಯಿತು.

“ಏನ್ಲಾ, ನೀನಾದ್ರೂ ಒಸಿ ಕಮ್ಮಿ ಉಂಡು ನಿಮ್ಮವ್ವಂಗೆ ಇಕ್ಬಾರ್ದೇನ್ಲಾ?”

ಒಬ್ಬಟ್ಟಿನ ನೀರು

ನನ್ನ ತಂಗಿಯನ್ನು ಕನಕಪುರದ ಹತ್ತಿರ ಕೊಟ್ಟಿದೆ. ಕೈ ಬೀಸಿಕೊಂಡು ತೌರಿಗೆ ಬಂದು ಗೊತ್ತಿಲ್ಲ ಅವಳಿಗೆ. ಈ ಸಲ ಒಂದು ದೊಡ್ಡ ಫ್ಲಾಸ್ಕ್ ಹಿಡಿದು ಬಂದಳು. ನನಗೆ ಸಂತೋಷವಾಯಿತು, ಒಬ್ಬಳಾದರೂ ತಿಳಿದವಳು ಇದ್ದಾಳಲ್ಲ ಅಂತ. ಮುಚ್ಚಳ ತೆಗೆದರೆ ತುಪ್ಪದ ವಾಸನೆ ಘಮ್ಮೆಂದು ಬೀದಿಗೆ ಹೋಯಿತು.

“ಏನವ್ವ ಇದು?” ತಂಗಿಯನ್ನು ಕೇಳಿದೆ.

“ಒಬ್ಬಟ್ಟು ಕಣಣ್ಣ. ಹಾಲು, ತುಪ್ಪ ಹಾಕಿ ಮಿಕ್ಸಿಲಿ ತಿರುವ್ಬುಟ್ಟು, ಬಟ್ಟೇಲಿ ಸೋಸಿವ್ನಿ. ಒಂದ್ ತರಿ ಸಿಕ್ಕದಿಲ್ಲ.”

ಹೆಂಡತಿ ಹಣೆ ಚಚ್ಚಿಕೊಂಡಳು. “ಸಿಹಿ, ತುಪ್ಪ ಮುಟ್ಟೋ ಹಂಗೇ ಇಲ್ಲ ಕಣೇ! ನೀರಾಗಿರೋದು ಮಾತ್ರ ಕೊಡಿ ಅಂದವ್ರೆ ಡಾಕ್ಟ್ರು.”

“ನೀರಾಗಿರ್ಬೇಕು ಅಂದವ್ರೆ. ಏನು ನೀರಾಗಿರ್ಬೇಕು ಅಂತ ಹೇಳವ್ರಾ ಅತ್ತಿಗೆ?” ಅಂದಳು ತಂಗಿ. “ಕೋಳಿ ಸಾರೂ ಮುದ್ದೇನೂ ಹಿಂಗೇ ಮಾಡಣ ಅಂತಿದ್ದೆ. ಮಿಕ್ಸಿ ಸುಟ್ಟೋಯ್ತು.”

ಮೆತ್ತಗಿರೋದು

ವಾರಗಳು ಕಳೆದವು. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಇನ್ನು ಮೆತ್ತಗಿರುವುದು ಶುರು ಮಾಡಬಹುದು ಅಂದರು. ಹೆಂಡತಿ ಕೇಳಿಸಿಕೊಂಡು ಎಲ್ಲರಿಗೂ ಹೇಳಿದಳು: ಬೇಳೆಯ ಕಟ್ಟಿನಲ್ಲಿ ನೆನೆಸಿದ ಇಡ್ಲಿ, ಬೇಯಿಸಿದ ಮೊಟ್ಟೆ, ಹಿಸುಕಿದ ತರಕಾರಿ. ಅವ್ವ ಇದೊಂದನ್ನೂ ಕೇಳಲಿಲ್ಲ. ಮೆತ್ತಗಿರುವುದು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಒಲೆಯ ಮುಂದೆ ಹೋಗಿ ಎಸರಿಟ್ಟಿದ್ದಳು. ಅಷ್ಟು ದಿನ ಎದ್ದು ಕೂರಲಾರದ ಹೆಂಗಸು ಕೋಲು ಹಿಡಿದು ಮುದ್ದೆ ತಿರುವಿದಳು.

“ಅತ್ತೆ, ಅವ್ರು ಮುದ್ದೆ ಹೆಸ್ರು ಹೇಳ್ಲಿಲ್ಲ.”

“ಉಸ್ರಾಡು ಅಂತ್ಲೂ ಹೇಳ್ಲಿಲ್ಲ. ಆಡ್ತಿಲ್ವಾ ಅವ್ನು? ಮುದ್ದೆಗಿಂತ ಮೆತ್ತಗಿರಾದು ಲೋಕ್ದಲ್ಲಿ ಯಾವ್ದವ್ವ ಐತೆ? ಹಲ್ಲಿಲ್ದ ನಾನೇ ಉಣ್ತೀನಿ.”

ಮುದ್ದೆ ಉಣ್ಣದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ತುತ್ತು ಮುರಿ, ಸಾರಿನಲ್ಲಿ ಅದ್ದು, ನುಂಗು, ಅಷ್ಟೇ. ಹಲ್ಲಿಗೆ ತಾಗಿಸಿದರೆ ಅದು ಮುದ್ದೆಗೆ ಮಾಡಿದ ಅವಮಾನ.

ಅವ್ವ ನನ್ನ ಪಕ್ಕ ಕೂತು ತನ್ನ ತಟ್ಟೆಯಲ್ಲೂ ತುತ್ತು ಮುರಿದಿಟ್ಟುಕೊಂಡು ಕಾದಳು. ಅವಳ ಕೈಯ ಮೂಳೆ ಎಣಿಸಬಹುದಾಗಿತ್ತು. ಆ ಕೈ ನೋಡಿದ ಮೇಲೆ ಬೇಡ ಅನ್ನಲು ನನ್ನಿಂದ ಆಗಲಿಲ್ಲ. ಗೋಲಿಯಷ್ಟು ಮುದ್ದೆ ತೆಗೆದುಕೊಂಡು, ತಾತ ಮುತ್ತಾತ ನುಂಗಿದ ಹಾಗೆ ನುಂಗಿದೆ.

ಅದು ಎದೆಯ ಹತ್ತಿರ ಹೋಗಿ ನಿಂತಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಬೆವರು ಕಿತ್ತುಕೊಂಡಿತು, ಬಾಯಲ್ಲಿ ಜೊಲ್ಲು ಸುರಿಯಿತು. ಹಿತ್ತಲಿಗೆ ಓಡಿ ತೆಂಗಿನಮರ ಹಿಡಿದು ನಿಂತೆ. ಹೆಂಡತಿ ಬೆನ್ನು ನೀವುತ್ತ ಅಳುತ್ತಿದ್ದಳು. ಕೊನೆಗೆ ಆ ಗೋಲಿ ಹೋದ ದಾರಿಯಲ್ಲೇ ಈಚೆಗೆ ಬಂತು, ನಾನು ಉಳಿದೆ.

ಒಳಗೆ ಬಂದರೆ ಅವ್ವ ಮುರಿದ ತುತ್ತನ್ನು ಮತ್ತೆ ಮುದ್ದೆಗೇ ಅಂಟಿಸಿ ತಟ್ಟೆ ಮುಚ್ಚುತ್ತಿದ್ದಳು.

“ಅವ್ವ, ನಾನು ನುಂಗಿದ್ದು ನಿಜ ತಾನೆ? ಹರಕೆ ತೀರಿತು. ನೀನು ಉಣ್ಣು.”

“ಬಸ್ ಹತ್ತಿ ಅದೇ ಸ್ಟಾಪಲ್ಲಿ ಇಳ್ದೋನು ಊರು ಸೇರ್ದಂಗಾಯ್ತಾ?” ಅಂದಳು ಅವ್ವ. “ನೀನೇ ಹೇಳಪ್ಪ, ನೀನೇ ಕಂಡಕ್ಟ್ರು.”

ಮಾನದ ಪ್ರಶ್ನೆ

ಮಾರನೆಯ ದಿನ ಅವ್ವ ನಲ್ಲಿಯ ಹತ್ತಿರ ತಲೆ ಸುತ್ತಿ ಕೂತುಬಿಟ್ಟಳು. ಇನ್ನು ಇವಳನ್ನು ಬಿಟ್ಟು ಹೋಗುವಂತಿಲ್ಲ ಅಂತ, ನಾನು ತಪಾಸಣೆಗೆ ಆಸ್ಪತ್ರೆಗೆ ಹೊರಟಾಗ ಅವಳನ್ನೂ ಕರೆದುಕೊಂಡು ಹೋದೆ. ಅಲ್ಲಿ ಏನು ಉಣ್ಣಬೇಕು ಅಂತ ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ. ಚಿಕ್ಕ ವಯಸ್ಸು, ಅನ್ನ ಉಣ್ಣುವ ಸೀಮೆಯವರು. ನಡೆದದ್ದನ್ನೆಲ್ಲ ಕೇಳಿ ನನಗೆ ಚೆನ್ನಾಗಿ ಬೈದರು. ಆಮೇಲೆ ಅವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

“ಅಜ್ಜಿ, ಇವರು ಮುದ್ದೆ ಉಣ್ಣುತ್ತಾರೆ. ಆದರೆ ಈಗಲ್ಲ, ನಾನು ಹೇಳಿದಾಗ. ಆಗಲೂ ಸ್ವಲ್ಪವೇ, ಸಾರಿನಲ್ಲಿ ಸಡಿಲ ಮಾಡಿಕೊಂಡು, ಬಾಯಲ್ಲಿ ನೀರಾಗುವವರೆಗೆ ಅಗಿದು ತಿನ್ನಬೇಕು. ಅಲ್ಲಿಯವರೆಗೆ ನೀವು ಹಾಲು, ಮೊಸರು, ಇಡ್ಲಿ ತಿನ್ನಲೇಬೇಕು. ಅದಕ್ಕೆ ಹರಕೆ ಅಡ್ಡ ಬರೋದಿಲ್ಲವಲ್ಲ?”

ಇಡ್ಲಿಗೆ ಅವ್ವ ಹೂಂ ಅಂದಳು. ಆದರೆ ಅವಳ ಮನಸ್ಸು ಅಗಿಯುವುದರಲ್ಲೇ ನಿಂತಿತ್ತು.

“ಮುದ್ದೆ ಅಗಿಯಾದಾ? ಜನ ಏನಂದಾರು? ನಮ್ಮೂರಲ್ಲಿ ಹೆಣ್ಣು ನೋಡಕ್ ಬಂದಿದ್ದ ಗಂಡು ಮುದ್ದೆ ಅಗಿದಾಂತ ಹೆಣ್ಣಿನಪ್ಪ ಎದ್ದು ಕೈ ತೊಳ್ಕಂಡ. ಹಿಟ್ಟು ನುಂಗಕ್ ಬರ್ದೋನು ಸಂಸಾರ ಏನ್ ತೂಗ್ಸ್ಯಾನು ಅಂದ!”

ಮೇಡಂ ಸಮಾಧಾನ ಮಾಡಲು ಹೋದರು. “ಅದರಲ್ಲೇನು ತಪ್ಪು ಅಜ್ಜಿ? ನಾನೂ ಮುದ್ದೆ ಅಗಿದೇ ತಿನ್ನೋದು.”

ಅವ್ವ ಅವರನ್ನು ಬಹಳ ಕನಿಕರದಿಂದ ನೋಡಿದಳು.

“ನಿಂಗೆ ಮದ್ವೆ ಆಗೈತೇನವ್ವ?”

“ಆಗಿದೆ ಅಜ್ಜಿ.”

“ಗಂಡನ್ ಮನೆಯೋರ ಮುಂದೆ ಉಂಡಿದ್ದೀಯಾ?”

ಬಾಗಿಲು ಹಾಕಿದ ಮನೆ

ಇಡ್ಲಿ, ಮೊಸರಿನಲ್ಲಿ ಅವ್ವ ಜೀವ ಹಿಡಿದುಕೊಂಡಳು, ಆದರೆ ಅದು ಮೈಗೆ ಹತ್ತಲಿಲ್ಲ. ಕೊನೆಗೂ ಮೇಡಂ ಅಪ್ಪಣೆ ಕೊಟ್ಟ ದಿನ ಬಂತು. ಅವರೆಕಾಯಿಯ ಕಾಲ. ಹೆಂಡತಿ ಹಿತಕಿದ ಬೇಳೆಯ ಸಾರು ಮಾಡಿದಳು, ಅವ್ವ ಮುದ್ದೆ ತಿರುವಿದಳು. ಆಮೇಲೆ ಎದ್ದು ಮುಂಬಾಗಿಲು ಹಾಕಿದಳು, ಹಿತ್ತಲ ಬಾಗಿಲು ಹಾಕಿದಳು, ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಹಗಲಿನಲ್ಲಿ ನಮ್ಮ ಮನೆಯ ಬಾಗಿಲು ಹಾಕಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

“ಯಾಕವ್ವ?”

“ಅಗಿಯಾದು ಯಾರಾರ ನೋಡಿದ್ರೆ?”

ನಾನು ತುತ್ತು ಬಾಯಿಗಿಟ್ಟು ಅಗಿಯತೊಡಗಿದೆ. ಅವ್ವ ನೋಡಲಾರದೆ ಗೋಡೆಯ ಕಡೆ ಮುಖ ಮಾಡಿದಳು.

“ಆಯ್ತಾ?”

“ಊಹೂಂ.”

“ಇನ್ನೂ ಅಗೀತಾ ಇದ್ದೀಯಾ? ಶಿವನೇ!”

ಅಂತೂ ನುಂಗಿದೆ. ಮೂವರೂ ಉಸಿರು ಬಿಗಿಹಿಡಿದು ಕಾದೆವು. ಎದೆಯಲ್ಲಿ ನಿಲ್ಲಲಿಲ್ಲ, ನೋಯಲಿಲ್ಲ, ಮೆಲ್ಲಗೆ ಇಳಿದು ಹೋಯಿತು.

“ಊರು ಸೇರ್ತು ಕಣವ್ವ” ಅಂದೆ.

ಅವ್ವ ನನ್ನ ಹೊಟ್ಟೆಯ ಮೇಲೆ ಒಮ್ಮೆ ಕೈಯಿಟ್ಟಳು. ಕಣ್ಣು ತುಂಬಿಕೊಂಡಿತ್ತು. ಆಮೇಲೆ ತನ್ನ ತಟ್ಟೆಯಿಂದ ನಿಂಬೆಹಣ್ಣಿನಷ್ಟು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ಬಾಯಿಗಿಟ್ಟಳು. ನಾನೂ ಎರಡನೆಯ ತುತ್ತಿಟ್ಟುಕೊಂಡೆ.

ಅದೇ ಹೊತ್ತಿಗೆ ಹೊರಗೆ ಗೋಳೆಂದು ಅಳು ಎದ್ದಿತು.

ಕಲ್ಯದ ಮಾವ ಒಂದು ಚೀಲ ಅವರೆಕಾಯಿ ಹೊತ್ತು ಬಂದಿದ್ದ. ನೋಡಿದರೆ ಹಾಡುಹಗಲಲ್ಲಿ ಬಾಗಿಲು ಹಾಕಿದೆ, ಕಿಟಕಿಗೆ ಸೀರೆ ಕಟ್ಟಿದೆ, ಕೂಗಿದರೆ ಓಗೊಡುವವರಿಲ್ಲ. ಮುಗಿಯುವವರೆಗೂ ಓಗೊಡಬೇಡಿ ಅಂತ ಅವ್ವನೇ ನಮಗೆ ಹೇಳಿದ್ದಳು. ಎದುರು ಮನೆಯವರು ಅಜ್ಜಿಯನ್ನು ನೋಡಿ ಎಷ್ಟೋ ದಿನವಾಯಿತು ಅಂದರಂತೆ. ಅಷ್ಟು ಸಾಕಾಯಿತು ಅವನಿಗೆ.

“ಹೊಂಟೋದ್ಯಲ್ಲವ್ವೋ ನನ್ನಕ್ಕಾ! ಮಗ ಅನ್ನಿಸ್ಕಂಡೋನು ನಿಂಗಿಕ್ದೆ ಎಲ್ಲಾ ತಾನೇ ಉಂಡ್ಬುಟ್ನಲ್ಲವ್ವೋ!”

ಬೀದಿಯೆಲ್ಲ ಸೇರಿತು. ಅವ್ವ ಒಳಗಿಂದ ಏನೋ ಹೇಳಲು ಕೈಯಾಡಿಸಿದಳು, ಆದರೆ ಬಾಯಿ ತುಂಬ ಮುದ್ದೆ. ಅದನ್ನು ಅವಸರವಾಗಿ ನುಂಗಿ, ಎದ್ದು ಹೋಗಿ ಬಾಗಿಲು ತೆರೆದಳು. ಮಾವನ ಅಳು ಅರ್ಧಕ್ಕೇ ನಿಂತಿತು.

“ಅಕ್ಕಯ್ಯಾ, ಬದ್ಕಿದ್ದೀಯಾ? ಮತ್ತೆ ಬಾಗ್ಲು ಯಾಕ್ ಹಾಕಿದ್ದು?”

ಅವಳ ಹಿಂದೆ ನಾನು ಕೂತಿದ್ದೆ, ಕೆನ್ನೆ ಉಬ್ಬಿಸಿಕೊಂಡು. ನೀರಾಗುವ ಮುಂಚೆ ನುಂಗುವಂತಿಲ್ಲ, ಉಗುಳಿದರೆ ಹರಕೆಗೆ ಅಪಚಾರ. ಅವ್ವ ಸೆರಗು ಅಗಲಿಸಿ ನನ್ನನ್ನು ಮರೆಮಾಡಲು ನಿಂತಳು. ಆ ಸೆರಗಿಗೆ ನನ್ನ ಒಂದು ಭುಜವೂ ಮರೆಯಾಗಲಿಲ್ಲ.

ಊರೆಲ್ಲ ಉತ್ತರಕ್ಕೆ ಕಾಯುತ್ತಿತ್ತು. ಮಗ ಮುದ್ದೆ ಅಗಿಯುತ್ತಿದ್ದ ಅನ್ನುವುದಕ್ಕಿಂತ ಬೇರೆ ಯಾವುದಾದರೂ ವಾಸಿ ಅಂತ ಅವ್ವನಿಗೆ ಅನ್ನಿಸಿರಬೇಕು.

“ಏನಿಲ್ಲ ಕಣ್ಲಾ. ನಾನೇ ಒಸಿ ಸಾಯಂಗಾಗಿದ್ದೆ. ಈಗ ಪರ್ವಾಗಿಲ್ಲ. ಸಂಜೆ ಬಾ.”

ಬಾಗಿಲು ಮತ್ತೆ ಹಾಕಿ ಅಗಳಿ ಸೇರಿಸಿದಳು.

ನಾನು ದಿಂಬಿಗೆ ಕೈ ಹಾಕುವಷ್ಟರಲ್ಲಿ ನಗು ಬಂದೇಬಿಟ್ಟಿತು. ಹೊಟ್ಟೆಯೆಲ್ಲ ಕುಣಿಯಿತು. ಹೊಲಿಗೆ ಎಳೆಯುತ್ತದೆ ಅಂತ ಕಾದೆ, ಎಳೆಯಲಿಲ್ಲ. ಎಲ್ಲೂ ನೋಯಲಿಲ್ಲ. ಆಪರೇಷನ್ ಆದಮೇಲೆ ಮೊದಲ ಸಲ ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ.

ಅವ್ವ ಬಂದು ನನ್ನ ಬೆನ್ನಿಗೆ ಒಂದು ಗುದ್ದಿದಳು.

“ಬಾಯ್ತುಂಬ ಇಟ್ಕಂಡು ನಗ್ಬ್ಯಾಡ ಕಣ್ಲಾ, ಸಿಕ್ಕಾಕ್ಕಂಡಾತು. ಮೊದ್ಲು ಅಗಿ. ನೆಟ್ಟಗ್ ಅಗಿ, ನನ್ನಪ್ಪ.”